ಟ್ರಿಗರ್ ಪೂರ್ತಿ ಎಳೆದ ಕೂಡಲೇ ರಿಸೀವರ್ ಆರಿಹೋಗುತ್ತಿದೆ: ಟಿಟಿ-02 ರಿಮೋಟ್ ಕಾರಿನ ವೈರಿಂಗ್ ಬಗ್ಗೆ ಸಲಹೆ ಬೇಕು

ತುಂಗಾತೀರ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳೂ ನಾನೂ ಸೇರಿ ಈ ಬೇಸಿಗೆ ರಜೆಯಲ್ಲಿ ತಮಿಯಾ ಕಂಪನಿಯ ಟಿಟಿ-02 ರಿಮೋಟ್ ಕಾರಿನ ಕಿಟ್ ಒಂದನ್ನು ಜೋಡಿಸಿದೆವು. ಜಪಾನಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಅದನ್ನು ತಂದುಕೊಟ್ಟಿದ್ದ. ಗೇರುಗಳು, ಡಿಫರೆನ್ಷಿಯಲ್, ಸಸ್ಪೆನ್ಷನ್ ಎಲ್ಲವನ್ನೂ ಪುಸ್ತಿಕೆ ನೋಡಿಕೊಂಡು ಅವಳೇ ಕೂಡಿಸಿದಳು; ವೈರಿಂಗ್ ಮಾತ್ರ ನನ್ನ ಪಾಲಿಗೆ ಬಂತು, ಮತ್ತು ತೊಂದರೆ ಇರುವುದೂ ಅಲ್ಲಿಯೇ.

ಕಿಟ್ ಜೊತೆಗೆ ಬಂದ 540 ಗಾತ್ರದ ಬ್ರಶ್ ಮೋಟಾರನ್ನೇ ಹಾಕಿದ್ದೇವೆ. ಸ್ಪೀಡ್ ಕಂಟ್ರೋಲರ್ ಬೇರೆಯಾಗಿ ಕೊಂಡದ್ದು. ಅದರ ಮೇಲೆ 60 ಆಂಪಿಯರ್ ಎಂದೂ, ಬಿಇಸಿ (ರಿಸೀವರಿಗೂ ಸರ್ವೊಗೂ ವಿದ್ಯುತ್ ಕೊಡುವ ಒಳಭಾಗ) 6 ವೋಲ್ಟ್ 2 ಆಂಪಿಯರ್ ಎಂದೂ ಮುದ್ರಿಸಿದ್ದಾರೆ. ಬ್ಯಾಟರಿ 7.2 ವೋಲ್ಟಿನ, 3000 ಎಂಎಎಚ್ ಸಾಮರ್ಥ್ಯದ ನಿಕ್ಕಲ್ ಮೆಟಲ್ ಹೈಡ್ರೈಡ್ ಪ್ಯಾಕ್. ಪರಿಚಯದವರೊಬ್ಬರು ನಾಲ್ಕೈದು ವರ್ಷ ಬಳಸಿ ಕೊಟ್ಟದ್ದು, ಬಿಳಿ ಪ್ಲಾಸ್ಟಿಕ್ಕಿನ ಹಳೆಯ ಮಾದರಿಯ ತಮಿಯಾ ಕನೆಕ್ಟರ್ ಇದೆ. ಮೊದಲು ಹಾಕಿದ್ದ 3 ಕೆ.ಜಿ. ಬಲದ ಸರ್ವೊದ (ಸ್ಟೀರಿಂಗ್ ತಿರುಗಿಸುವ ಪುಟ್ಟ ಯಂತ್ರದ) ಪ್ಲಾಸ್ಟಿಕ್ ಹಲ್ಲು ಗೋಡೆಗೆ ಗುದ್ದಿ ಮುರಿದ ಮೇಲೆ, ಲೋಹದ ಗೇರುಗಳಿರುವ 20 ಕೆ.ಜಿ. ಡಿಜಿಟಲ್ ಸರ್ವೊ ತಂದು ಕೂರಿಸಿದೆವು. ಬ್ಯಾಟರಿಯ ತಂತಿ ಕಂಟ್ರೋಲರಿನವರೆಗೆ ಮುಟ್ಟದ ಕಾರಣ, ಮನೆಯ ವೈರಿಂಗಿಗೆ ಬಳಸುವ 1 ಚದರ ಮಿಲಿಮೀಟರ್ ತಂತಿಯ ಎರಡು ತುಂಡುಗಳಿಂದ ಅದನ್ನು ಸುಮಾರು 15 ಸೆಂಟಿಮೀಟರ್ ಉದ್ದ ಮಾಡಿದ್ದೇನೆ.

ನಿಧಾನವಾಗಿ ಓಡಿಸಿದರೆ ಎಲ್ಲವೂ ಸರಿಯಾಗಿದೆ. ಆದರೆ ನಿಂತಲ್ಲಿಂದ ಟ್ರಾನ್ಸ್‌ಮಿಟರಿನ (ಕೈಯಲ್ಲಿ ಹಿಡಿಯುವ ರಿಮೋಟಿನ) ಟ್ರಿಗರ್ ಪೂರ್ತಿ ಎಳೆದರೆ, ಅದರಲ್ಲೂ ಚಕ್ರಗಳನ್ನು ತಿರುಗಿಸಿಕೊಂಡು ಎಳೆದರೆ, ಸರ್ವೊ ನಡುಗುತ್ತದೆ, ಕಾರಿನಲ್ಲಿ ರೇಡಿಯೊ ಸಂಕೇತ ಹಿಡಿಯುವ ರಿಸೀವರಿನ ಕೆಂಪು ದೀಪ ಒಂದು ಕ್ಷಣ ಆರಿ ಮತ್ತೆ ಹೊತ್ತುತ್ತದೆ, ಕಾರು ಮುಗ್ಗರಿಸುತ್ತದೆ. ಇದಲ್ಲದೆ ಏಳೆಂಟು ನಿಮಿಷ ಓಡಿದ ಮೇಲೆ ಮೋಟಾರು ಪೂರ್ತಿ ನಿಂತುಬಿಡುತ್ತದೆ. ಆಗ ಸ್ಟೀರಿಂಗ್ ಮಾತ್ರ ತಿರುಗುತ್ತಲೇ ಇರುತ್ತದೆ, ಮತ್ತು ಬ್ಯಾಟರಿಯನ್ನು ಬಿಚ್ಚಿ ಅಳೆದರೆ 7.4 ವೋಲ್ಟ್ ತೋರಿಸುತ್ತದೆ. ಕನೆಕ್ಟರ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ. ಅಂಗಡಿಯವರೊಬ್ಬರನ್ನು ಕೇಳಿದ್ದಕ್ಕೆ ಕಂಟ್ರೋಲರ್ ಕೆಟ್ಟಿದೆ, 100 ಆಂಪಿಯರಿನದು ಹಾಕಿ ಎಂದರು. ಹೊಸದನ್ನು ಕೊಳ್ಳುವ ಮೊದಲು ತಿಳಿದವರ ಅಭಿಪ್ರಾಯ ಕೇಳೋಣವೆಂದು ಬರೆದಿದ್ದೇನೆ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿದರೆ ಇದೆಲ್ಲ ತಾನಾಗಿ ಸರಿಹೋಗುತ್ತದೆಯೇ?


ಸೋಲ್ಡರ್‌ಮೇಜು ಬರೆದದ್ದು:

ತುಂಗಾತೀರ ಅವರೇ, ನೀವು ವಿವರವಾಗಿ ಬರೆದದ್ದರಿಂದ ಅರ್ಧ ಕೆಲಸ ಆಗಿದೆ. ದಯವಿಟ್ಟು ಹೊಸ ಕಂಟ್ರೋಲರ್ ಕೊಳ್ಳಬೇಡಿ. ನಿಮ್ಮ ಕಾರಿನಲ್ಲಿ ಒಂದಲ್ಲ, ಎರಡು ಬೇರೆ ಬೇರೆ ತೊಂದರೆಗಳಿವೆ. ಅವನ್ನು ಒಂದೇ ಎಂದು ಭಾವಿಸಿದ್ದರಿಂದಲೇ ಕಾರಣ ಸಿಗುತ್ತಿಲ್ಲ.

ಮೊದಲು ಎರಡನೆಯದನ್ನು ಹೇಳುತ್ತೇನೆ, ಏಕೆಂದರೆ ಅದಕ್ಕೆ ಖರ್ಚೇ ಇಲ್ಲ. ಮೋಟಾರು ನಿಂತರೂ ಸ್ಟೀರಿಂಗ್ ಜೀವಂತವಾಗಿದೆ ಎಂದರೆ, ಕಂಟ್ರೋಲರು ತಿಳಿದೇ ಮೋಟಾರಿನ ವಿದ್ಯುತ್ತನ್ನು ಕಡಿದು ರಿಸೀವರಿಗೆ ಮಾತ್ರ ಉಳಿಸಿಕೊಟ್ಟಿದೆ ಎಂದರ್ಥ. ಇದು ಲಿಪೊ ಬ್ಯಾಟರಿಯನ್ನು ಕಾಪಾಡಲೆಂದು ಇಟ್ಟಿರುವ ವ್ಯವಸ್ಥೆ. ಎರಡು ಸೆಲ್ಲಿನ ಲಿಪೊ ಎಂದು ಕಂಟ್ರೋಲರಿಗೆ ಹೇಳಿದ್ದರೆ, ಒಂದೊಂದು ಸೆಲ್ 3.2 ವೋಲ್ಟಿನ ಆಸುಪಾಸಿಗೆ, ಅಂದರೆ ಪ್ಯಾಕ್ ಒಟ್ಟು 6.4 ವೋಲ್ಟಿಗೆ ಇಳಿದ ಕೂಡಲೇ ಬ್ಯಾಟರಿ ಬರಿದಾಯಿತೆಂದು ಅದು ತೀರ್ಮಾನಿಸುತ್ತದೆ. ನಿಮ್ಮ ಪ್ಯಾಕಿನಲ್ಲಿರುವುದು 1.2 ವೋಲ್ಟಿನ ಆರು ನಿಕ್ಕಲ್ ಸೆಲ್‌ಗಳು. ಭಾರ ಬಿದ್ದಾಗ ಅವು ತಲಾ 1.07 ವೋಲ್ಟಿಗೆ ಇಳಿಯುವುದು ತೀರ ಸಹಜ; ಆಗಲೂ ಪ್ಯಾಕಿನಲ್ಲಿ ಬೇಕಾದಷ್ಟು ಚಾರ್ಜ್ ಉಳಿದಿರುತ್ತದೆ. ಬಿಚ್ಚಿ ಅಳೆದಾಗ 7.4 ಬಂದದ್ದು ಅದಕ್ಕೇ. ಕಂಟ್ರೋಲರಿನ ಪಕ್ಕದಲ್ಲಿ ಲಿಪೊ ಮತ್ತು ನಿಕ್ಕಲ್ ಎಂದು ಗುರುತು ಮಾಡಿದ ಸಣ್ಣ ಪಿನ್ನುಗಳೂ ಅವುಗಳ ಮೇಲೊಂದು ಕಪ್ಪು ಜಂಪರ್ ಟೋಪಿಯೂ ಇದೆಯೇ ನೋಡಿ. ಇಲ್ಲವಾದರೆ ಸೆಟ್ಟಿಂಗ್ ಒಂದು ಗುಂಡಿಯ ಮೂಲಕ ಇರುತ್ತದೆ. ಅದು ಲಿಪೊ ಕಡೆಗಿದ್ದರೆ ನಿಕ್ಕಲ್ ಕಡೆಗೆ ಹಾಕಿ.

ಇನ್ನು ದೀಪ ಆರುವ ವಿಷಯ. ಇಲ್ಲಿ ಸ್ಟೀರಿಂಗೂ ಸಾಯುತ್ತದೆ, ರಿಸೀವರೂ ಸಾಯುತ್ತದೆ. ಆದುದರಿಂದ ಇದು ಮೇಲಿನ ರಕ್ಷಣಾ ವ್ಯವಸ್ಥೆಯ ಕೆಲಸವಲ್ಲ. ರಿಸೀವರಿಗೂ ಸರ್ವೊಗೂ ಬರುವ 6 ವೋಲ್ಟನ್ನು ಕಂಟ್ರೋಲರಿನ ಒಳಗಿರುವ ಬಿಇಸಿ ತಯಾರಿಸುತ್ತದೆ. ಅದು ಹೆಚ್ಚಿನ ವೋಲ್ಟೇಜನ್ನು ಇಳಿಸಬಲ್ಲದೇ ಹೊರತು ಕಡಿಮೆ ವೋಲ್ಟೇಜನ್ನು ಏರಿಸಲಾರದು. ನಿಂತ ಕಾರನ್ನು ಎಬ್ಬಿಸುವ ಕ್ಷಣದಲ್ಲಿ 540 ಮೋಟಾರು ಹತ್ತಾರು ಆಂಪಿಯರ್ ಎಳೆಯುತ್ತದೆ, ಬ್ಯಾಟರಿ ಕುಸಿಯುತ್ತದೆ, ಬಿಇಸಿಯ ಬಾಗಿಲಿಗೆ ಬರುವುದೇ 5 ವೋಲ್ಟ್ ಆದಾಗ ಅದು ಹೊರಗೆ ಕೊಡುವುದು ಅದಕ್ಕಿಂತಲೂ ಕಡಿಮೆ. ಅದೇ ಕ್ಷಣಕ್ಕೆ ಚಕ್ರ ತಿರುಗಿಸಿದರೆ ನಿಮ್ಮ 20 ಕೆ.ಜಿ. ಸರ್ವೊ ತಾನೊಂದೇ 2 ಆಂಪಿಯರ್ ದಾಟಿ ಕೇಳುತ್ತದೆ. ಎರಡೂ ಸೇರಿ ರಿಸೀವರು ತನ್ನ ಕನಿಷ್ಠ ವೋಲ್ಟೇಜಿನ ಕೆಳಗೆ ಬಿದ್ದು ಮತ್ತೆ ಎದ್ದು ಕೂರುತ್ತದೆ.

ಊಹೆಯನ್ನು ನಂಬದೆ ಒಂದು ಪರೀಕ್ಷೆ ಮಾಡಿ. ಕಂಟ್ರೋಲರಿನಿಂದ ರಿಸೀವರಿಗೆ ಹೋಗುವ ಮೂರು ತಂತಿಯ ಪ್ಲಗ್ಗಿನಲ್ಲಿ ನಡುವಿನದು ಕೆಂಪು, ಅದೇ ಧನ. ಪ್ಲಗ್ಗಿನ ಪ್ಲಾಸ್ಟಿಕ್ ನಾಲಗೆಯನ್ನು ಸೂಜಿಯಿಂದ ಸ್ವಲ್ಪವೇ ಎತ್ತಿ ಆ ಕೆಂಪು ಪಿನ್ನನ್ನು ಮಾತ್ರ ಹೊರಗೆಳೆದು ಟೇಪ್ ಸುತ್ತಿ. ಈಗ ನಾಲ್ಕು ಎಎ ರೀಚಾರ್ಜಬಲ್ ಸೆಲ್‌ಗಳ 4.8 ವೋಲ್ಟಿನ ಪ್ಯಾಕನ್ನು ರಿಸೀವರಿನ ಬ್ಯಾಟರಿ ಕಿಂಡಿಗೆ ಚುಚ್ಚಿ ಕಾರನ್ನು ಓಡಿಸಿ. ದೀಪ ಆರುವುದು ನಿಂತರೆ ತೊಂದರೆ ವಿದ್ಯುತ್ ಪೂರೈಕೆಯದು. ನಿಲ್ಲದಿದ್ದರೆ ರಿಸೀವರನ್ನೋ ಆಂಟೆನಾವನ್ನೋ ಅನುಮಾನಿಸೋಣ. ಕೆಂಪು ಪಿನ್ ತೆಗೆಯದೆ ಎರಡು ಮೂಲಗಳನ್ನು ಒಟ್ಟಿಗೆ ಜೋಡಿಸಬೇಡಿ.


ಕೆಂಪುಧೂಳು ಬರೆದದ್ದು:

ರಿಸೀವರಿನ ಖಾಲಿ ಚಾನೆಲ್ಲಿಗೆ 4700 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಒಂದನ್ನು ಸರ್ವೊ ಪ್ಲಗ್ಗಿಗೆ ಬೆಸೆದು ಹಾಕಿದರೆ ಈ ಮುಗ್ಗರಿಸುವಿಕೆ ನಿಲ್ಲುತ್ತದೆ. ನಾನು ಬಳ್ಳಾರಿಯ ನಮ್ಮ ಮನೆಯ ಹಿಂದಿನ ಮಣ್ಣಿನ ಅಂಗಳದಲ್ಲಿ ಓಡಿಸುವ ಎರಡೂ ಕಾರುಗಳಲ್ಲಿ ಹಾಗೆಯೇ ಮಾಡಿದ್ದೇನೆ, ಎರಡೂ ಚೆನ್ನಾಗಿ ಓಡುತ್ತಿವೆ. ಕೆಪಾಸಿಟರಿನ ಮೈಮೇಲೆ ಪಟ್ಟಿಯಿರುವ ಕಾಲು ಋಣಕ್ಕೆ ಬರಬೇಕು, ತಿರುವುಮುರುವಾದರೆ ಅದು ಸಿಡಿಯುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಮೋಟಾರಿನ ಎರಡು ತುದಿಗಳ ನಡುವೆ ಒಂದು, ಪ್ರತಿ ತುದಿಯಿಂದ ಮೋಟಾರಿನ ಹೊರಕವಚಕ್ಕೆ ಒಂದೊಂದು, ಹೀಗೆ 104 ಎಂದು ಬರೆದ ಮೂರು ಸೆರಾಮಿಕ್ ಕೆಪಾಸಿಟರುಗಳು ಇವೆಯೇ ಎಂದೂ ನೋಡಿ. ಬ್ರಶ್ಶಿನ ಕಿಡಿಯಿಂದ ಹುಟ್ಟುವ ವಿದ್ಯುತ್ ಅಡಚಣೆಯನ್ನು ರಿಸೀವರಿಗೆ ಮುಟ್ಟದಂತೆ ತಡೆಯುವುದು ಅವೇ.


ಸೋಲ್ಡರ್‌ಮೇಜು ಬರೆದದ್ದು:

ಕೆಂಪುಧೂಳು ಅವರೇ, ಮೋಟಾರಿನ ಮೂರು ಕೆಪಾಸಿಟರುಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಹಳೆಯ ಲೇಖನಗಳನ್ನು ನೋಡಿ ಅವುಗಳ ಜೊತೆಗೆ ಷಾಟ್ಕಿ ಡಯೋಡನ್ನೂ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೆಸೆಯುವವರಿದ್ದಾರೆ. ಹಿಂದಕ್ಕೂ ಓಡಿಸಬಲ್ಲ ಕಂಟ್ರೋಲರ್ ಇರುವಾಗ ಆ ಡಯೋಡ್ ಇರಲೇಬಾರದು, ರಿವರ್ಸ್ ಹಾಕಿದ ಕೂಡಲೇ ಅದರ ಮೂಲಕ ನೇರ ಶಾರ್ಟ್ ಆಗುತ್ತದೆ.

ಆದರೆ ರಿಸೀವರಿಗೆ ದೊಡ್ಡ ಕೆಪಾಸಿಟರ್ ಹಾಕುವುದನ್ನು ಮೊದಲ ಮದ್ದಾಗಿ ಸೂಚಿಸುವುದಕ್ಕೆ ನನ್ನ ಸಮ್ಮತಿ ಇಲ್ಲ. ಲೆಕ್ಕ ಹಾಕಿ ನೋಡೋಣ. 4700 ಮೈಕ್ರೋಫ್ಯಾರಡ್ ಕೆಪಾಸಿಟರ್ 2 ಆಂಪಿಯರ್ ಕೊಡುತ್ತಿದ್ದರೆ ಅದರ ವೋಲ್ಟೇಜ್ ಪ್ರತಿ 10 ಮಿಲಿಸೆಕೆಂಡಿಗೆ 4 ವೋಲ್ಟಿಗಿಂತ ಹೆಚ್ಚು ಇಳಿಯುತ್ತದೆ. ಕಾರು ನಿಂತಲ್ಲಿಂದ ವೇಗ ಹಿಡಿಯಲು ಬೇಕಾದದ್ದು ಅದರ ಹತ್ತಾರು ಪಟ್ಟು ಸಮಯ. ಸರ್ವೊ ಒಮ್ಮೆಲೇ ಜಗ್ಗಿದಾಗ ಬರುವ ಚೂಪಾದ ಕುಸಿತವನ್ನು ಅದು ತುಂಬಬಲ್ಲದು. ಅರ್ಧ ಸೆಕೆಂಡ್ ಉಳಿಯುವ ಕುಸಿತವನ್ನು ತುಂಬಲಾರದು. ತುಂಗಾತೀರ ಅವರ ಕಾರಿನಲ್ಲಿ ಕನೆಕ್ಟರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದೆ ಎಂಬ ಮಾತನ್ನು ನಾವು ಬಿಡುವಂತಿಲ್ಲ. ಚಕ್ರಕ್ಕೆ ಹೋಗಬೇಕಾದ ವಿದ್ಯುತ್ತು ಅಲ್ಲಿ ಶಾಖವಾಗಿ ವ್ಯಯವಾಗುತ್ತಿದೆ. ಅದನ್ನು ಹಾಗೇ ಬಿಟ್ಟು ಕೆಪಾಸಿಟರ್ ಹಾಕಿದರೆ ಲಕ್ಷಣ ಮರೆಯಾಗಬಹುದು, ಕಾರಣ ಮಾತ್ರ ಕನೆಕ್ಟರನ್ನು ಕರಗಿಸುವವರೆಗೂ ಅಲ್ಲೇ ಇರುತ್ತದೆ.

27 ಮೆಗಾಹರ್ಟ್ಸ್ ರೇಡಿಯೊಗಳ ಕಾಲದಲ್ಲಿ ಸರ್ವೊ ನಡುಗಿದರೆ ಮೊದಲು ತರಂಗಗಳ ಅಡಚಣೆಯನ್ನು ಅನುಮಾನಿಸುತ್ತಿದ್ದರು, ಅದು ಸರಿಯಾಗಿಯೂ ಇರುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೊಗಳಲ್ಲಿ ನಾನು ಮೊದಲು ನೋಡುವುದು ವೋಲ್ಟೇಜನ್ನು.

ತುಂಗಾತೀರ ಅವರೇ, ನಿಮ್ಮ ಮಲ್ಟಿಮೀಟರಿನಲ್ಲಿ ಕನಿಷ್ಠ ಅಳತೆಯನ್ನು ಹಿಡಿದಿಡುವ ಗುಂಡಿ ಇದ್ದರೆ, ಬಾಡಿ ತೆಗೆದು ಮೀಟರನ್ನು ರಬ್ಬರ್ ಬ್ಯಾಂಡಿನಿಂದ ಕಾರಿನ ಮೇಲೆಯೇ ಕಟ್ಟಿ, ಒಮ್ಮೆ ಕನೆಕ್ಟರಿನ ಬ್ಯಾಟರಿ ಬದಿಯಲ್ಲಿ, ಇನ್ನೊಮ್ಮೆ ಕಂಟ್ರೋಲರಿನ ತಂತಿ ಸೇರುವಲ್ಲಿ ಅಳೆಯಿರಿ. ಕಾರನ್ನು ಗೋಡೆಗೆ ಒತ್ತಿ ಹಿಡಿದು ಟ್ರಿಗರ್ ಎಳೆಯುವ ಪರೀಕ್ಷೆಯನ್ನು ಮಾತ್ರ ಮಾಡಬೇಡಿ, ಮೋಟಾರು ಸುಡುತ್ತದೆ.


ತುಂಗಾತೀರ ಬರೆದದ್ದು:

ಹೇಳಿದಂತೆ ಎಲ್ಲವನ್ನೂ ಮಾಡಿದೆವು. ಜಂಪರ್ ನಿಜವಾಗಿಯೂ ಲಿಪೊ ಕಡೆಗೆ ಇತ್ತು. ಕಾರ್ಖಾನೆಯಿಂದ ಹಾಗೆಯೇ ಬಂದಿರಬೇಕು, ನಾವು ಅದನ್ನು ಮುಟ್ಟಿರಲಿಲ್ಲ. ಅದನ್ನು ಬದಲಿಸಿದ ಮೇಲೆ ಕಾರು ಹದಿನೈದು ನಿಮಿಷಕ್ಕೂ ಹೆಚ್ಚು ಹೊತ್ತು ಓಡಿ, ಆಮೇಲೆ ತಾನಾಗಿ ನಿಧಾನವಾಯಿತು.

ನಾಲ್ಕು ಎಎ ಸೆಲ್‌ಗಳನ್ನು ಹಾಕಿದಾಗ ರಿಸೀವರಿನ ದೀಪ ಒಮ್ಮೆಯೂ ಆರಲಿಲ್ಲ. ಅಲ್ಲಿಗೆ ರೇಡಿಯೊದ ಮೇಲಿನ ಅನುಮಾನ ಹೋಯಿತು. ಮೀಟರನ್ನು ಕಟ್ಟಿ ಅಳೆದವಳು ಮಗಳು. ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ, ಅವನ್ನೇ ಇಲ್ಲಿ ಕೊಡುತ್ತಿದ್ದೇನೆ. ನಿಂತಾಗ ಎರಡೂ ಕಡೆ 8.1 ವೋಲ್ಟ್. ಪೂರ್ತಿ ಟ್ರಿಗರ್ ಎಳೆದು ಹೊರಟಾಗ ಕನಿಷ್ಠ ಅಳತೆ ಬ್ಯಾಟರಿ ಬದಿಯಲ್ಲಿ 6.4, ಕಂಟ್ರೋಲರ್ ಬದಿಯಲ್ಲಿ 5.3. ನಡುವಿನ 1.1 ವೋಲ್ಟ್ ಎಲ್ಲಿಗೆ ಹೋಯಿತು ಎಂದು ಅವಳು ಕೇಳಿದಾಗ ಆ ಬಿಸಿ ಕನೆಕ್ಟರನ್ನೇ ತೋರಿಸಿದೆ.

ಈಗ ಕನೆಕ್ಟರನ್ನೂ ತಂತಿಯನ್ನೂ ಬದಲಿಸಬೇಕೆಂದು ತಿಳಿಯಿತು. ಯಾವುದನ್ನು ಹಾಕಬೇಕು, ಬೆಸುಗೆ ಹೇಗೆ ಮಾಡಬೇಕು ಎಂದು ಯಾರಾದರೂ ಹೇಳುವಿರಾ? ಹಳೆಯ ಪ್ಯಾಕ್ ಹೇಗೂ ಮುಪ್ಪಾಗಿದೆ ಎನ್ನಿಸುತ್ತಿರುವುದರಿಂದ ಲಿಪೊ ಬಗ್ಗೆಯೂ ತಿಳಿಸಿ. ಮನೆಯಲ್ಲಿ ಮಗು ಇರುವುದರಿಂದ ಅದರ ಬೆಂಕಿಯ ಅಪಾಯದ ಬಗ್ಗೆ ನನಗೆ ಭಯವೂ ಇದೆ.


ಹದಿನಾಲ್ಕುಗೇಜ್ ಬರೆದದ್ದು:

ನಿಮ್ಮ ಮಗಳ ಅಳತೆಗಳು ಬಹಳ ಸ್ಪಷ್ಟವಾಗಿವೆ. ಸಾಮಾನ್ಯ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುತ್ತದೆ, ಆದುದರಿಂದ ನಿಜವಾದ ಕುಸಿತ 5.3ಕ್ಕಿಂತಲೂ ಕೆಳಗಿರುತ್ತದೆ ಎಂಬುದನ್ನು ಅವಳಿಗೆ ಹೇಳಿ. ಆ ಕ್ಷಣದಲ್ಲಿ 35 ಆಂಪಿಯರ್ ಹರಿದಿದೆ ಎಂದು ಇಟ್ಟುಕೊಂಡರೆ, 1.1 ವೋಲ್ಟಿನ ನಷ್ಟವೆಂದರೆ ಸುಮಾರು 38 ವಾಟ್. ಸಣ್ಣದೊಂದು ಸೋಲ್ಡರಿಂಗ್ ಐರನ್ನಿನಷ್ಟು ಶಾಖವನ್ನು ಎರಡು ತೆಳು ಲೋಹದ ಪಟ್ಟಿಗಳೂ ನಿಮ್ಮ ಜೋಡಣೆಗಳೂ ಹಂಚಿಕೊಳ್ಳುತ್ತಿವೆ. 1 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 17 ಮಿಲಿ ಓಮ್ ರೋಧವಿದೆ. ಹೋಗಿ ಬರುವ ಎರಡು ತುಂಡು ಸೇರಿ 30 ಸೆಂಟಿಮೀಟರ್ ಆದುದರಿಂದ 5 ಮಿಲಿ ಓಮ್, ಅಂದರೆ 0.2 ವೋಲ್ಟಿಗಿಂತ ಕಡಿಮೆ. ಉಳಿದ ನಷ್ಟವೆಲ್ಲ ಕನೆಕ್ಟರಿನದು ಮತ್ತು ತಂತಿಗಳನ್ನು ಹೊಸೆದ ಜಾಗದ್ದು. ಆ ಕನೆಕ್ಟರಿನ ಪಿನ್ನುಗಳು ಹೊಸತರಲ್ಲಿ ಸಾಧಾರಣ ಮೋಟಾರಿಗೆ ಸಾಕಾಗುತ್ತವೆ, ಆದರೆ ನೂರಾರು ಸಲ ಚುಚ್ಚಿ ತೆಗೆದ ಮೇಲೆ ಅವುಗಳ ಹಿಡಿತ ಸಡಿಲವಾಗುತ್ತದೆ, ಬಿಸಿಯಿಂದ ಇನ್ನಷ್ಟು ಸಡಿಲವಾಗುತ್ತದೆ.

ಎಕ್ಸ್‌ಟಿ60 ಕನೆಕ್ಟರ್ ಹಾಕಿ. ಅದು 60 ಆಂಪಿಯರಿಗೆ ತಯಾರಾದದ್ದು, ಒಂದೇ ದಿಕ್ಕಿನಲ್ಲಿ ಮಾತ್ರ ಕೂರುತ್ತದೆ, ಧನ ಋಣದ ಗುರುತು ಅದರ ಮೈಯಲ್ಲೇ ಅಚ್ಚಾಗಿದೆ. ಲೋಹದ ತುದಿಗಳು ಒಳಗೆ ಮುಚ್ಚಿಕೊಂಡಿರುವ ಹೆಣ್ಣು ಭಾಗ ಯಾವಾಗಲೂ ಬ್ಯಾಟರಿಗೆ, ತೆರೆದ ಪಿನ್ನುಗಳಿರುವ ಗಂಡು ಭಾಗ ಕಂಟ್ರೋಲರಿಗೆ. ತಂತಿ 14 ಗೇಜಿನ ಸಿಲಿಕೋನ್ ಹೊದಿಕೆಯದಿರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅಂಚೆಯಲ್ಲಿ ತರಿಸಲೂಬಹುದು. ಸಾಧ್ಯವಾದರೆ ತಂತಿಯನ್ನು ಉದ್ದ ಮಾಡುವ ಬದಲು ಕಂಟ್ರೋಲರನ್ನೇ ಬ್ಯಾಟರಿಯ ತಂತಿ ಮುಟ್ಟುವ ಬದಿಗೆ ಸರಿಸಿ.

ಬೆಸುಗೆಯಲ್ಲಿ ಹೊಸಬರು ತಪ್ಪುವುದು ಶಾಖದ ವಿಷಯದಲ್ಲಿ. 25 ವಾಟಿನ ಚೂಪು ಮೂತಿಯ ಐರನ್ ಈ ದಪ್ಪ ತಂತಿಯನ್ನು ಕಾಯಿಸಲಾರದು. ಹೊತ್ತು ಹೋದಂತೆ ಪ್ಲಾಸ್ಟಿಕ್ ಕರಗುತ್ತದೆ, ಸೋಲ್ಡರ್ ಮಾತ್ರ ಹರಿಯುವುದಿಲ್ಲ. 60 ವಾಟಿನ, ಅಗಲವಾದ ಉಳಿಯಂಥ ಮೂತಿಯ ಐರನ್ ಬಳಸಿ. ಸೋಲ್ಡರ್ 63 ಪಾಲು ತವರ, 37 ಪಾಲು ಸೀಸದ್ದಾದರೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆಯನ್ನು ಮೊದಲೇ ತಂತಿಗೆ ತೂರಿಸಿಡಿ. ತಂತಿಗೂ ಕನೆಕ್ಟರಿನ ಬಟ್ಟಲಿಗೂ ಬೇರೆ ಬೇರೆಯಾಗಿ ಸೋಲ್ಡರ್ ಹಿಡಿಸಿ, ಆಮೇಲೆ ಎರಡನ್ನೂ ಕೂಡಿಸಿ ಕಾಯಿಸಿದರೆ ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಬೆಸೆಯುವಾಗ ಕನೆಕ್ಟರಿಗೆ, ತಂತಿ ಜೋಡಿಸದ ಅದರ ಜೊತೆಯ ಭಾಗವನ್ನು ಚುಚ್ಚಿಟ್ಟುಕೊಂಡರೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನುಗಳು ಓರೆಯಾಗುವುದಿಲ್ಲ. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಇಬ್ಬರೂ ಕೈ ತೊಳೆಯಿರಿ.

ಇದೊಂದನ್ನು ಒತ್ತಿ ಹೇಳುತ್ತೇನೆ. ಬ್ಯಾಟರಿಯ ಹಳೆಯ ಕನೆಕ್ಟರನ್ನು ಕತ್ತರಿಸುವಾಗ ಎರಡು ತಂತಿಗಳನ್ನು ಒಟ್ಟಿಗೆ ಕತ್ತರಿಸಬೇಡಿ. ಇಕ್ಕಳದ ಬಾಯಿಯೇ ಎರಡನ್ನೂ ಶಾರ್ಟ್ ಮಾಡುತ್ತದೆ. ಋಣವನ್ನು ಕತ್ತರಿಸಿ, ಬೆಸೆದು, ಕೊಳವೆ ಮುಚ್ಚಿ, ಆಮೇಲೆ ಧನವನ್ನು ಮುಟ್ಟಿ.

ಲಿಪೊ ಬಗ್ಗೆ ನಿಮ್ಮ ಭಯ ಸರಿಯಾದದ್ದೇ, ಆದರೆ ನಿಯಮ ಪಾಲಿಸಿದರೆ ಬಳಸಬಹುದು. ಎರಡು ಸೆಲ್ಲಿನ, 7.4 ವೋಲ್ಟಿನ, ಗಟ್ಟಿ ಪ್ಲಾಸ್ಟಿಕ್ ಕವಚದ ಪ್ಯಾಕ್ ತನ್ನಿ. ಟಿಟಿ-02ರ ಬ್ಯಾಟರಿ ತೊಟ್ಟಿಯನ್ನು ಅಳೆದುಕೊಂಡು, ಅಂಚು ದುಂಡಗಿರುವುದನ್ನೇ ಆರಿಸಿದರೆ ಕೂರಿಸುವುದು ಸುಲಭ. ಪೂರ್ತಿ ಚಾರ್ಜಿನಲ್ಲಿ 8.4 ವೋಲ್ಟ್, ಅದಕ್ಕಿಂತ ಹೆಚ್ಚು ಎಂದೂ ಇಲ್ಲ. ಲಿಪೊ ಎಂದು ಆರಿಸಿಕೊಳ್ಳಬಲ್ಲ ಬ್ಯಾಲೆನ್ಸ್ ಚಾರ್ಜರಿನಲ್ಲಿಯೇ (ಸೆಲ್‌ಗಳನ್ನು ಸಮನಾಗಿ ತುಂಬುವಂಥದ್ದು), ಪ್ಯಾಕಿನ ಸಣ್ಣ ಬಿಳಿ ಪ್ಲಗ್ಗನ್ನೂ ಚುಚ್ಚಿ ಚಾರ್ಜ್ ಮಾಡಬೇಕು. ಈಗಿರುವ ನಿಕ್ಕಲ್ ಚಾರ್ಜರ್ ಅದಕ್ಕೆ ಸಲ್ಲದು. 5000 ಎಂಎಎಚ್ ಪ್ಯಾಕಿಗೆ 5 ಆಂಪಿಯರ್ ಮೀರಬೇಡಿ. ಚಾರ್ಜ್ ಆಗುವಾಗ ನೀವು ಅದೇ ಕೋಣೆಯಲ್ಲಿರಬೇಕು. ಪ್ಯಾಕನ್ನು ಮಣ್ಣಿನ ಹೂಕುಂಡದಲ್ಲಿಯೋ ನೆಲದ ಟೈಲ್ಸ್ ಮೇಲೆಯೋ ಇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಬೇಡ, ಅನಿಲ ತುಂಬಿದರೆ ಅದೇ ಅಪಾಯ. ನಾಲ್ಕೈದು ದಿನ ಓಡಿಸುವುದಿಲ್ಲ ಎಂದಾದರೆ ಸೆಲ್ಲಿಗೆ 3.8 ವೋಲ್ಟಿಗೆ ತಂದಿಡಿ. ಉಬ್ಬಿದ ಪ್ಯಾಕನ್ನು ಚುಚ್ಚಿ ನೋಡುವ ಕುತೂಹಲ ಬೇಡ, ಮತ್ತೆ ಚಾರ್ಜ್ ಮಾಡುವುದೂ ಬೇಡ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಡಿ. ಲಿಪೊ ಹಾಕಿದ ದಿನ ಆ ಜಂಪರ್ ಮತ್ತೆ ಲಿಪೊ ಕಡೆಗೆ ಬರಬೇಕು. ನಿಕ್ಕಲ್ ಕಡೆಗೇ ಉಳಿದರೆ ಕಂಟ್ರೋಲರು ಸೆಲ್‌ಗಳನ್ನು 3 ವೋಲ್ಟಿನ ಕೆಳಗೂ ಎಳೆಯುತ್ತದೆ, ಪ್ಯಾಕ್ ಅಲ್ಲಿಗೆ ಮುಗಿಯುತ್ತದೆ.


ಕೆಂಪುಧೂಳು ಬರೆದದ್ದು:

ಲೆಕ್ಕವನ್ನು ಓದಿದ ಮೇಲೆ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಈ ವಾರ ನನ್ನ ಕಾರುಗಳ ಕನೆಕ್ಟರುಗಳನ್ನೂ ಅಳೆದು ನೋಡುತ್ತೇನೆ. ಸರ್ವೊ ಬಗ್ಗೆ ಮಾತ್ರ ಯಾರೂ ಹೇಳದ ಒಂದು ಅಂಶವಿದೆ, ಅದನ್ನು ಸೇರಿಸುತ್ತೇನೆ.

20 ಕೆ.ಜಿ. ಸರ್ವೊ ತಾನು ಹೋಗಬೇಕಾದ ಜಾಗಕ್ಕೆ ತಲುಪಿದ ಮೇಲೆ ಹೆಚ್ಚು ವಿದ್ಯುತ್ ಕೇಳುವುದಿಲ್ಲ. ತಲುಪಲಾಗದಿದ್ದರೆ ಕೇಳುತ್ತಲೇ ಇರುತ್ತದೆ. ಚಕ್ರ ಪೂರ್ತಿ ತಿರುಗಿ ಚಾಸಿಗೆ ತಾಗಿ ನಿಂತಿದ್ದರೂ ಟ್ರಾನ್ಸ್‌ಮಿಟರು ಇನ್ನೂ ಹತ್ತು ಡಿಗ್ರಿ ತಿರುಗು ಎನ್ನುತ್ತಿದ್ದರೆ, ಸರ್ವೊ ಅಲ್ಲಿಯೇ ಗುಂಯ್‌ಗುಟ್ಟುತ್ತಾ ತನ್ನ ಗರಿಷ್ಠ ವಿದ್ಯುತ್ತನ್ನು ಎಳೆಯುತ್ತದೆ. ಚಕ್ರ ತಿರುಗಿಸಿಕೊಂಡು ಹೊರಟಾಗ ತೊಂದರೆ ಹೆಚ್ಚು ಎಂದು ನೀವು ಬರೆದದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಂದಾಜು.

ಆದುದರಿಂದ ಸ್ಟೀರಿಂಗನ್ನು ಮೊದಲಿನಿಂದ ಹೊಂದಿಸಿ. ಸರ್ವೊದ ತೋಳನ್ನು ಬಿಚ್ಚಿ, ಟ್ರಾನ್ಸ್‌ಮಿಟರಿನ ಟ್ರಿಮ್ ಮತ್ತು ಸಬ್‌ಟ್ರಿಮ್ (ನಡುವಿನ ಸ್ಥಾನವನ್ನು ತುಸು ಸರಿಸುವ ಸೆಟ್ಟಿಂಗುಗಳು) ಎರಡನ್ನೂ ಸೊನ್ನೆಗೆ ತನ್ನಿ. ಕಾರನ್ನು ಡಬ್ಬವೊಂದರ ಮೇಲೆ ಚಕ್ರಗಳು ಗಾಳಿಯಲ್ಲಿರುವಂತೆ ಇಟ್ಟು, ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ಕಾರು, ಈ ಕ್ರಮದಲ್ಲಿ ಆನ್ ಮಾಡಿ. ಆರಿಸುವಾಗ ಇದರ ವಿರುದ್ಧ ಕ್ರಮ. ರಿಸೀವರು ಸರ್ವೊಗೆ ಸೆಕೆಂಡಿಗೆ 50 ಸಲವೋ ಅದಕ್ಕಿಂತ ಹೆಚ್ಚೋ ಒಂದು ಪುಟ್ಟ ಮಿಡಿತ ಕಳಿಸುತ್ತಿರುತ್ತದೆ, ಆ ಮಿಡಿತ 1500 ಮೈಕ್ರೋಸೆಕೆಂಡ್ ಇದ್ದರೆ ಅದೇ ನಡು. ಸರ್ವೊ ಆ ನಡುವಿಗೆ ಬಂದು ನಿಂತ ಮೇಲೆ ತೋಳನ್ನು ನೇರವಾಗಿ ಕೂರಿಸಿ. ಹಲ್ಲುಗಳ ಕಾರಣ ಒಂದೆರಡು ಡಿಗ್ರಿ ಓರೆಯಾದರೆ ಅಷ್ಟನ್ನು ಮಾತ್ರ ಸಬ್‌ಟ್ರಿಮ್ಮಿನಿಂದ ಸರಿಪಡಿಸಿ. ನಂತರ ಎಂಡ್ ಪಾಯಿಂಟ್ (ಸ್ಟೀರಿಂಗ್ ಎಷ್ಟರವರೆಗೆ ತಿರುಗಬೇಕೆಂಬ ಮಿತಿ) ಹೊಂದಿಸಿ: ಅದನ್ನು 60 ಪ್ರತಿಶತಕ್ಕೆ ಇಳಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದು, ಚಕ್ರ ತನ್ನ ಮಿತಿಯನ್ನು ಮುಟ್ಟುವವರೆಗೆ ಒಂದೊಂದೇ ಹೆಜ್ಜೆ ಏರಿಸಿ, ಗುಂಯ್ ಸದ್ದು ಕೇಳಿದ ಕೂಡಲೇ ಎರಡು ಹೆಜ್ಜೆ ಹಿಂದಕ್ಕೆ ಬನ್ನಿ. ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಮಾಡಬೇಕು.

ಟ್ರಿಗರ್ ಎಳೆದಾಗ ಕಾರು ಹಿಂದಕ್ಕೆ ಹೋದರೆ ಬ್ರಶ್ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲ್ (ವೇಗದ) ಚಾನೆಲ್ಲನ್ನು ತಿರುವಿದರೂ ಮುಂದೆ ಹೋಗುತ್ತದೆ, ಆದರೆ ಆಗ ಬ್ರೇಕು ಮತ್ತು ರಿವರ್ಸ್ ಸ್ಥಾನಗಳು ಕಂಟ್ರೋಲರಿನ ತಿಳಿವಳಿಕೆಗೆ ಹೊಂದದೆ ಹೋಗಬಹುದು. ಕೆಲವು ಕಂಟ್ರೋಲರುಗಳು ಆನ್ ಆಗುವಾಗ ಟ್ರಿಗರ್ ಇರುವ ಜಾಗವನ್ನೇ ನಡುವೆಂದು ಓದಿಕೊಳ್ಳುತ್ತವೆ, ಆದುದರಿಂದ ಆ ಎರಡು ಮೂರು ಸೆಕೆಂಡ್ ಟ್ರಿಗರನ್ನು ಮುಟ್ಟಬಾರದು.

ಆಂಟೆನಾದ ಬಗ್ಗೆ ಒಂದು ಮಾತು. 2.4 ಗಿಗಾಹರ್ಟ್ಸ್ ರಿಸೀವರಿನ ತಂತಿಯ ತುದಿಯ ಸುಮಾರು 31 ಮಿಲಿಮೀಟರ್ ಮಾತ್ರ ನಿಜವಾದ ಆಂಟೆನಾ. ಅಲೆಯ ಉದ್ದದ ಕಾಲು ಭಾಗ ಅದು. ಅದನ್ನು ಕತ್ತರಿಸಬೇಡಿ, ಮಡಚಿ ಬ್ಯಾಟರಿ ತಂತಿಯ ಪಕ್ಕ ತುರುಕಬೇಡಿ, ಕೊಳವೆಯಲ್ಲಿ ನೇರವಾಗಿ ನಿಲ್ಲಿಸಿ. ಓಡಿಸುವ ಮೊದಲು ಫೇಲ್‌ಸೇಫ್ ನೋಡಿ: ಚಕ್ರ ಗಾಳಿಯಲ್ಲಿ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರನ್ನು ಆರಿಸಿದರೆ ಮೋಟಾರು ನಿಲ್ಲಬೇಕು. ನಿಲ್ಲದಿದ್ದರೆ ರಿಸೀವರಿನ ಪುಸ್ತಿಕೆಯಂತೆ ಅದನ್ನು ಹೊಂದಿಸುವವರೆಗೆ ರಸ್ತೆಗೆ ಇಳಿಸಬೇಡಿ.


ತುಂಗಾತೀರ ಬರೆದದ್ದು:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಎಕ್ಸ್‌ಟಿ60 ಹಾಕಿ, ಕಂಟ್ರೋಲರನ್ನು ಬ್ಯಾಟರಿ ತಂತಿಯ ಬದಿಗೆ ಸರಿಸಿ, ಮನೆಯ ತಂತಿಯ ತುಂಡುಗಳನ್ನು ತೆಗೆದುಹಾಕಿದೆ. ಅದೇ ಹಳೆಯ ಪ್ಯಾಕಿನಲ್ಲಿ ಕಂಟ್ರೋಲರ್ ಬದಿಯ ಕನಿಷ್ಠ ಅಳತೆ 5.3ರಿಂದ 6.2ಕ್ಕೆ ಏರಿತು. ಎಂಡ್ ಪಾಯಿಂಟ್ ಎಡಕ್ಕೆ 82, ಬಲಕ್ಕೆ 71ಕ್ಕೆ ಬಂದು ನಿಂತವು; ಮೊದಲು ಎರಡೂ 120 ಇದ್ದವು. ಆ ದಿನದಿಂದ ರಿಸೀವರಿನ ದೀಪ ಒಮ್ಮೆಯೂ ಆರಿಲ್ಲ. ಕಳೆದ ಭಾನುವಾರ ಲಿಪೊ ಬಂತು, ಜಂಪರನ್ನು ಮಗಳೇ ನೆನಪಿಸಿ ಬದಲಿಸಿದಳು. ಈಗ ಪೂರ್ತಿ ಟ್ರಿಗರಿನಲ್ಲಿಯೂ ಕನಿಷ್ಠ 7.6 ವೋಲ್ಟ್ ಇದೆ, ಕನೆಕ್ಟರ್ ತಣ್ಣಗಿದೆ. ನಿಮ್ಮೆಲ್ಲರಿಗೂ ನಮ್ಮಿಬ್ಬರ ಕೃತಜ್ಞತೆಗಳು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಕಾರು ಎಡಕ್ಕೆ ತಿರುಗುವಷ್ಟು ಚಿಕ್ಕ ವೃತ್ತದಲ್ಲಿ ಬಲಕ್ಕೆ ತಿರುಗುತ್ತಿಲ್ಲ. ಎಂಡ್ ಪಾಯಿಂಟ್ ಎರಡೂ ಕಡೆ ಸಮನಾಗಿ ಬಾರದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ? ಮೋಟಾರು ಹೆಚ್ಚು ಬಿಸಿಯಾಗುವಂತೆಯೂ ತೋರುತ್ತದೆ.


ಸೋಲ್ಡರ್‌ಮೇಜು ಬರೆದದ್ದು:

ಸಂಬಂಧವಿದೆ. ಎರಡು ಬದಿಯ ಸಂಖ್ಯೆಗಳಲ್ಲಿ ಅಷ್ಟು ಅಂತರವಿದ್ದರೆ, ಸರ್ವೊದಿಂದ ಸ್ಟೀರಿಂಗಿಗೆ ಹೋಗುವ ಕಡ್ಡಿಯ ಉದ್ದ ತಪ್ಪಿದೆ, ಆ ತಪ್ಪನ್ನು ಟ್ರಾನ್ಸ್‌ಮಿಟರಿನ ಸಂಖ್ಯೆಗಳು ಮುಚ್ಚುತ್ತಿವೆ. ಸರ್ವೊ ನಡುವಿನಲ್ಲಿದ್ದು ತೋಳು ನೇರವಿರುವಾಗ ಎರಡು ಚಕ್ರಗಳೂ ನೇರ ನೋಡುವಂತೆ ಆ ಕಡ್ಡಿಯನ್ನು ಅರ್ಧರ್ಧ ಸುತ್ತು ತಿರುಗಿಸಿ ಹೊಂದಿಸಿ, ಎಡ ಬಲದ ಕಡ್ಡಿಗಳ ಉದ್ದ ಪುಸ್ತಿಕೆಯ ಅಳತೆಗೆ ಸರಿಯಾಗಿದೆಯೇ ನೋಡಿ, ಆಮೇಲೆ ಎಂಡ್ ಪಾಯಿಂಟನ್ನು ಮತ್ತೆ ಮೊದಲಿನಿಂದ ಹಾಕಿ. ಸಂಖ್ಯೆಗಳು ನಾಲ್ಕೈದರ ಅಂತರಕ್ಕೆ ಬರಬೇಕು.

ಮೋಟಾರಿನ ವಿಷಯ: ಲಿಪೊದಲ್ಲಿ ವೋಲ್ಟೇಜ್ ಕುಸಿಯದಿರುವುದರಿಂದ ಅದೇ ಮೋಟಾರು ಈಗ ಹೆಚ್ಚು ಕೆಲಸ ಮಾಡುತ್ತಿದೆ. ಕಿಟ್ಟಿನ 22 ಹಲ್ಲಿನ ಪಿನಿಯನ್ (ಮೋಟಾರಿನ ಸಣ್ಣ ಗೇರು) ಮತ್ತು ಅದು ತಿರುಗಿಸುವ 70 ಹಲ್ಲಿನ ಸ್ಪರ್ ಗೇರನ್ನೇ ಉಳಿಸಿಕೊಳ್ಳಿ, ಒಳಗಿನ ಗೇರುಗಳೂ ಸೇರಿ ಒಟ್ಟು ಅನುಪಾತ 8.27 ಆಗುತ್ತದೆ; ಇನ್ನೂ ವೇಗ ಬೇಕೆಂದು ದೊಡ್ಡ ಪಿನಿಯನ್ ಹಾಕಬೇಡಿ. ಓಟ ಮುಗಿದ ಕೂಡಲೇ ಮೋಟಾರಿನ ಮೇಲೆ ಬೆರಳನ್ನು ಮೂರು ಸೆಕೆಂಡ್ ಇಡಲಾಗದಿದ್ದರೆ, ಪ್ಯಾಕ್ ಬದಲಿಸಿ ಮತ್ತೆ ಓಡಿಸುವ ಮೊದಲು ಹದಿನೈದು ನಿಮಿಷ ತಣಿಯಲು ಬಿಡಿ.